ಮುಂದಕ್ಕ ನಿಂತಳು

ಬನಿಯನ್ನು ಹಸಿರು ಬಣ್ಣದ್ದು. ಎದೆಯ ಮೇಲೆ ಒಂದು ಮೋಡ, ಮೋಡದ ಕೆಳಗೆ ಒಂದು ಮರ, ಮರದ ಕೆಳಗೆ ‘ಸ್ವಯಂಸೇವಕಿ’ ಎಂಬ ದಪ್ಪ ಅಕ್ಷರ. ಹಾಕಿಕೊಂಡ ಅಂಗಿಯ ಮೇಲೆಯೇ ಎಳೆದುಕೋ ಎಂದರು. ಮುಂದಕ್ಕ ಎಂದು ಎಲ್ಲರೂ ಕರೆಯುವ ಹೆಂಗಸು ಎಳೆದುಕೊಂಡಳು. ಕಂಕುಳಲ್ಲಿ ಬಿಗಿಯಿತು.

"ಇನ್ನೂ ವಾಸನೆ ಬರ್ತಿದೆ," ಎಂದ ಹಸಿರು ಸಾರ್, ಮೂಗಿನ ಮುಂದೆ ಕೈ ಬೀಸಿಕೊಳ್ಳುತ್ತ. "ಹೊಗೆ ವಾಸನೆ. ತಲೆ ತೊಳ್ಕೊಂಡು ಬಾ ಅಂದಿದ್ದೆನಲ್ಲಮ್ಮ?"

"ತೊಳ್ಕೊಂಡೆ ಸಾರ್."

"ಸೋಪು ಹಾಕಿ?"

"ಹಾಕಿದೆ ಸಾರ್."

"ಹಾಗಾದ್ರೆ ಅತಿಥಿಗಳಿಂದ ದೂರ ನಿಂತ್ಕೋ. ಹೇಗೂ ನೀನು ಮುಂದೆ, ಅವರು ಕೊನೆಗೆ."

ಪಕ್ಕದಲ್ಲಿ ನಿಂತಿದ್ದ ಹೆಂಗಸರು ನೆಲ ನೋಡಿದರು. ಮುಂದಕ್ಕ ತನ್ನ ಜಡೆಯನ್ನು ಬನಿಯನ್ನಿನೊಳಗೆ ತುರುಕಿಕೊಂಡಳು.

ಹಸಿರು ಸಾರ್ ಎಂದರೆ ಮೋಡದ ಕಾಡು ಉಳಿಸಲು ಬಂದ ಸಂಸ್ಥೆಯ ಮುಖ್ಯಸ್ಥ. ಅವನ ಜಾಕೆಟ್ಟು ಹಸಿರು, ಜೀಪು ಹಸಿರು, ಕಿಸೆಯ ಪೆನ್ನು ಕೂಡ ಹಸಿರು. ಹೆಸರು ಜನ ಇಟ್ಟದ್ದು. ಬೆಟ್ಟದ ತುದಿಯಲ್ಲಿ ಸದಾ ಮೋಡ ಕೂತಿರುವ ಕಾಡಿದೆ. ಮಳೆಯಿಲ್ಲದ ದಿನವೂ ಎಲೆ ತೊಟ್ಟಿಕ್ಕುತ್ತದೆ, ಕಲ್ಲಿಗೂ ಪಾಚಿ ಹಿಡಿಯುತ್ತದೆ. ಅದನ್ನು ಊರಿನವರ ಕೈಯಿಂದಲೇ ಉಳಿಸಬೇಕು, ಊರಿನವರೂ ಉದ್ಧಾರವಾಗಬೇಕು ಎಂದು ಅವನು ಬಂದ ಹೊಸದರಲ್ಲಿ ಹೇಳಿದ್ದ. ಮಾತು ಚೆನ್ನಾಗಿತ್ತು. ಮುಂದಕ್ಕನೂ ತಲೆದೂಗಿದ್ದಳು. ಮೊದಮೊದಲು ಸಸಿ ಹೊತ್ತರೆ ಕೂಲಿ ಕೊಡುತ್ತಿದ್ದರು. ಆಮೇಲೊಂದು ಸಭೆ ಕರೆದರು. ಕಾಡು ನಿಮ್ಮದು, ನಿಮ್ಮ ಕಾಡಿಗೆ ನೀವೇ ಕೂಲಿ ಕೇಳ್ತೀರಾ ಎಂದು ಹಸಿರು ಸಾರ್ ಕೇಳಿದ. ಜನ ನಾಚಿಕೊಂಡರು. ಮರುದಿನದಿಂದ ಕೂಲಿ ನಿಂತಿತು, ಬನಿಯನ್ನು ಬಂತು. ಹೊರೆ ಮಾತ್ರ ಮೊದಲಿನಷ್ಟೇ ಇತ್ತು.

ಊರಿನವರು ಬನಿಯನ್ನನ್ನಾದರೂ ಮನೆಗೆ ಒಯ್ಯುತ್ತಿದ್ದರು. ಮೇಲಿನವರು ಅದನ್ನೂ ಸಂಜೆ ಬಿಚ್ಚಿ ಕೊಟ್ಟು ಹೋಗಬೇಕಿತ್ತು. ಮೇಲಿನವರೆಂದರೆ ಕಾಡಿನಂಚಿನ ಬಯಲಿನಲ್ಲಿ ಬದುಕಿದವರು. ಊರಿಗಿಂತ ಎತ್ತರದಲ್ಲಿದ್ದರೂ ಊರಿನ ಕಣ್ಣಿಗೆ ಅವರೇ ಕೀಳು. ‘ಹೊಗೆಯವರು’ ಎಂದು ಕರೆಯುತ್ತಿದ್ದರು. ಹಗಲೂ ರಾತ್ರಿ ಒದ್ದೆ ಸೌದೆ ಊದಿ ಉರಿಸುವವರ ಬಟ್ಟೆ ಹೊಗೆ ನಾರದೆ ಮಲ್ಲಿಗೆ ನಾರುತ್ತದೆಯೆ? ಸಂಸ್ಥೆಯ ಸಮಿತಿಯಲ್ಲಿ ಹೊಗೆಯವರಿಲ್ಲ. ಊಟದ ಹಾಲ್‌ನಲ್ಲಿ ಹೊಗೆಯವರಿಲ್ಲ. ಅವರ ತಟ್ಟೆ ಹಿತ್ತಿಲ ಕಟ್ಟೆಯ ಮೇಲೆ. ಒಂದೊಂದೇ ಸಂಸಾರ ಬೇಸತ್ತು ಇಳಿದುಹೋಗಿ ಈಗ ಮೇಲೆ ಉಳಿದದ್ದು ಮುಂದಕ್ಕನ ಮನೆ ಒಂದೇ. ಅಲ್ಲಿ ಅವಳು, ಅವಳ ಗಂಡ.

ಗಂಡ ಈಗ ಎದ್ದು ನಡೆಯಲಾರ. ಅತಿಥಿಗಳ ಬಚ್ಚಲಿಗೆ ನೀರು ಬರಲೆಂದು ಮೇಲಿನ ಒರತೆಯ ಪಕ್ಕ ತೊಟ್ಟಿ ಕೂರಿಸುವಾಗ ಬಂಡೆಯಿಂದ ಜಾರಿದ್ದ. ತೊಟ್ಟಿ ಅವನ ಸೊಂಟದ ಮೇಲೆ ಬಿತ್ತು. ತೊಟ್ಟಿಗೆ ಏನೂ ಆಗಲಿಲ್ಲ. ಕೆಲಸದಲ್ಲಿ ಬಿದ್ದಿದ್ದರೆ ಸಂಸ್ಥೆ ನೋಡಿಕೊಳ್ಳುತ್ತಿತ್ತು, ಅವನು ಬಿದ್ದದ್ದು ಸೇವೆಯಲ್ಲಿ ಎಂದರು. ಆದರೂ ಮಾನವೀಯತೆಯಿಂದ ಒಂದು ದಿನ ಜೀಪು ಕೊಡುತ್ತೇವೆ, ದೊಡ್ಡಾಸ್ಪತ್ರೆಗೆ ಒಯ್ಯುತ್ತೇವೆ ಎಂದೂ ಹೇಳಿದರು. ಆ ಒಂದು ದಿನಕ್ಕಾಗಿ ಮುಂದಕ್ಕ ಬಾಯಿ ಮುಚ್ಚಿಕೊಂಡು ಹೊರುತ್ತಿದ್ದಳು.

ಅವಳನ್ನು ಮುಂದಕ್ಕ ಎನ್ನುವುದು ಅವಳು ಸಾಲಿನಲ್ಲಿ ಮುಂದೆ ನಡೆಯುತ್ತಾಳೆಂದು. ನರ್ಸರಿಯಿಂದ ಮೇಲಿನ ಬಯಲಿಗೆ ಇರುವುದು ಒಂದೇ ದಾರಿ. ಬಂಡೆಯ ಪಕ್ಕೆಯಲ್ಲಿ ಕೊರೆದ ಅಂಚು. ಎಡಕ್ಕೆ ಕಲ್ಲು, ಬಲಕ್ಕೆ ಮೋಡ. ಮೋಡದ ಕೆಳಗೆ ಏನಿದೆಯೆಂದು ನೋಡಿ ಬಂದವರಿಲ್ಲ. ಬುಟ್ಟಿ ಹೊತ್ತ ಒಬ್ಬರು ನಡೆದರೆ ಇನ್ನೊಬ್ಬರು ದಾಟಲಾಗದು. ಮಂಜು ಕವಿದರೆ ಮುಂದಿನವಳ ಬುಟ್ಟಿಯೂ ಕಾಣದು. ಅದಕ್ಕೇ ಕೂಗು ಇರುವುದು. ಮುಂದಿನವಳು ಕಂಡದ್ದನ್ನು ಕೂಗುತ್ತಾಳೆ: ಕಲ್ಲು, ಬೇರು, ಜಾರು, ನಿಲ್ಲು. ಹಿಂದಿನವಳು ಅದನ್ನೇ ತನ್ನ ಹಿಂದಿನವಳಿಗೆ ಕೂಗುತ್ತಾಳೆ. ಹಿಂದಿನಿಂದ ಕೇಳುವುದಿದ್ದರೆ ಅದೂ ಹೀಗೆಯೇ ಬಾಯಿಂದ ಬಾಯಿಗೆ ಮೇಲೆ ಬರುತ್ತದೆ. ಕೇಳಿದ್ದನ್ನು ಹಾಗೆಯೇ ದಾಟಿಸಬೇಕು. ಸೇರಿಸಬಾರದು, ಕಳೆಯಬಾರದು, ತಡೆಯಬಾರದು. ಹಿಂದೊಮ್ಮೆ ಒಬ್ಬಳಿಗೆ ‘ಜಾರು’ ಎಂಬ ಕೂಗು ಕೇಳಿಸಿತ್ತು. ತನ್ನ ಕಾಲು ಜಾರಲಿಲ್ಲವಲ್ಲ ಎಂದು ಸುಮ್ಮನಾದಳು. ಅವಳ ಹಿಂದಿನವಳು ಹೋದಳು. ಅವತ್ತಿನಿಂದ ಆ ದಾರಿಯಲ್ಲಿ ಯಾರೂ ಕೂಗನ್ನು ಬಾಯಲ್ಲಿ ಇಟ್ಟುಕೊಂಡದ್ದಿಲ್ಲ.

ಇನ್ನೊಂದು ರೂಢಿಯೂ ಇತ್ತು. ಅಂಚಿನ ಮೇಲೆ ಹೊರೆ ಇಳಿಸುವಂತಿಲ್ಲ. ಬುಟ್ಟಿಯನ್ನು ಮತ್ತೆ ಬೆನ್ನಿಗೇರಿಸಲು ಪಕ್ಕದಲ್ಲಿ ನಿಂತು ಎತ್ತಿಕೊಡುವವರು ಬೇಕು. ಅಲ್ಲಿ ಪಕ್ಕವೇ ಇಲ್ಲ. ಒಬ್ಬಳು ಇಳಿಸಿದರೆ ಅವಳ ಬುಟ್ಟಿಯೇ ಗೋಡೆ.

ಅಂದು ನರ್ಸರಿಯ ಅಂಗಳದಲ್ಲಿ ಹಸಿರು ಸಾರ್ ಅತಿಥಿಗಳಿಗೆ ಈ ಕೂಗನ್ನು ವಿವರಿಸುತ್ತಿದ್ದ. ದೂರದ ದೊಡ್ಡ ಊರಿನಿಂದ ಬಂದ ಅತಿಥಿಗಳು, ದುಡ್ಡು ಕೊಟ್ಟು ಸಂಸ್ಥೆಯನ್ನು ಸಾಕುವವರು. ಅವರ ಯಜಮಾನಿ ಒಬ್ಬಳು ದೊಡ್ಡ ಮೇಡಂ, ಬೆಳ್ಳಿಗೂದಲು, ಕೈಯಲ್ಲಿ ಊರುಗೋಲು.

"ನೀವೂ ಕೂಗಬೇಕು. ಮುಂದಿನಿಂದ ಏನು ಬರುತ್ತೋ ಅದನ್ನೇ ಹಿಂದಕ್ಕೆ. ಇದು ಸಮುದಾಯದ ಜ್ಞಾನ!" ಎಂದ.

ಅತಿಥಿಗಳು ಮಕ್ಕಳ ಹಾಗೆ "ಕಲ್ಲು! ಜಾರು!" ಎಂದು ಕೂಗಿ ನಕ್ಕರು. ಒಬ್ಬ ವೀಡಿಯೊ ಹಿಡಿದ. ಆ ಜಾರಿನಲ್ಲಿ ಹೋದವಳ ಅಕ್ಕ ಅಲ್ಲೇ ಬುಟ್ಟಿಗೆ ಸಸಿ ತುಂಬುತ್ತಿದ್ದಳು.

ಆಗ ಟೋಪಿ ಹುಡುಗಿ ಓಡಿ ಬಂದಳು. ಇವಳು ನಿಜವಾದ ಸ್ವಯಂಸೇವಕಿ. ಕಾಲೇಜು ಮುಗಿಸಿ, ಸ್ವಂತ ಖರ್ಚಿನಲ್ಲಿ ಬಂದು, ಇಲ್ಲೇ ಉಳಿದು ಮಣ್ಣು ಕಲಸುವವಳು. ಅಂಗೈ ತುಂಬ ಬೊಬ್ಬೆ. ಕೆಟ್ಟವಳಲ್ಲ. ಮುಂದಕ್ಕನ ಹತ್ತಿರ ಬಂದು ಮೂಗು ಮುಚ್ಚದವಳು ಅವಳೊಬ್ಬಳೇ.

"ಅಕ್ಕಾ, ಬನ್ನಿ ಬನ್ನಿ, ನಿಮ್ಮ ಬೆಟ್ಟ ಮೇಲಿಂದ ಹೇಗೆ ಕಾಣುತ್ತೆ ನೋಡಿ," ಎಂದು ಕೈ ಹಿಡಿದು ಊಟದ ಹಾಲ್‌ಗೆ ಎಳೆದಳು.

ಮುಂದಕ್ಕ ಹೊಸ್ತಿಲಲ್ಲಿ ತಡೆದಳು. "ನಾವು ಒಳಗೆ ಬರೋ ಹಾಗಿಲ್ಲ ಕಣಮ್ಮ."

"ಯಾರು ಹೇಳಿದ್ದು? ಬನ್ನಿ."

ಗೋಡೆಯಷ್ಟು ದೊಡ್ಡ ಫೋಟೋ. ಡ್ರೋನು ಹಾರಿಸಿ ತೆಗೆದದ್ದು. ಮುಂದಕ್ಕನಿಗೆ ಮೊದಲು ಏನೂ ತಿಳಿಯಲಿಲ್ಲ, ಎಲ್ಲ ಹಸಿರು. ನೋಡುತ್ತ ನೋಡುತ್ತ ಬಾಗಿದ ಮರ ಕಂಡಿತು. ಒರತೆಯ ಬಂಡೆ ಕಂಡಿತು, ಅದರ ಮೇಲೆ ಗಂಡನ ಸೊಂಟ ಮುರಿದ ಕರಿ ತೊಟ್ಟಿ. ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ತನ್ನ ಬೆಟ್ಟವನ್ನು ಹಕ್ಕಿಯ ಕಣ್ಣಿನಿಂದ ಯಾರು ನೋಡಿದ್ದಾರೆ? ಬಂಡೆಯಿಂದ ಬೆರಳು ಜಾರಿಸಿ ತನ್ನ ಮನೆ ಹುಡುಕಿದಳು. ಮನೆ ಇರಬೇಕಾದ ಕಡೆ ಕೆಂಪು ಗೆರೆಯ ಸುತ್ತು. ಸುತ್ತಿನೊಳಗೆ ಹಸಿರು.

"ಇದೇನು ಕೆಂಪು?"

"ಇವತ್ತು ನೆಡೋ ಜಾಗ ಅಕ್ಕ. ಮೇಲಿನ ಖಾಲಿ ಜಾಗ. ಸಸಿ ನೆಟ್ಟ ಮೇಲೆ ಅಲ್ಲೇ ಮರದ ಅಟ್ಟಣಿಗೆ ಕಟ್ತಾರೆ, ಅತಿಥಿಗಳು ಕೂತು ಮೋಡ ನೋಡೋದಕ್ಕೆ. ನಾನೇ ಹೋದ ವಾರ ಗೂಟಕ್ಕೆಲ್ಲ ರಿಬ್ಬನ್ ಕಟ್ಟಿ ಕೊಟ್ಟೆ."

"ಇಲ್ಲಿ ನನ್ನ ಮನೆ ಇದೆ."

"ಎಲ್ಲಿ?"

"ಇಲ್ಲಿ."

"ಇದು ಪಾಚಿ ಅಲ್ವಾ ಅಕ್ಕ?"

"ಪಾಚಿ ಕೆಳಗೆ."

ಮೇಲಿನವರ ಮನೆಗಳ ಮಾಡಿಗೆ ಪಾಚಿ ಬೆಳೆಯಲು ಬಿಡುತ್ತಾರೆ. ಕೆರೆದರೆ ನೀರು ಒಳಗಿಳಿಯುತ್ತದೆ. ಪಾಚಿಯ ಮೇಲೆ ಜರಿಗಿಡ, ಅದರ ಮೇಲೆ ಸಣ್ಣ ಹೂವಿನ ಬಳ್ಳಿ. ಮನೆಯೆಂದು ಗೊತ್ತಾಗುವುದು ಹೊಗೆಯಿಂದ. ಫೋಟೋದಲ್ಲಿ ಹೊಗೆ ಇರಲಿಲ್ಲ.

ಹೊಗೆ ಏಕಿರಲಿಲ್ಲವೆಂದು ಮುಂದಕ್ಕನಿಗೆ ನೆನಪಾಯಿತು. ಹಸಿರು ಸಾರ್ ಒಂದು ಸಂಜೆ ತಾನೇ ಮನೆ ಬಾಗಿಲಿಗೆ ಬಂದಿದ್ದ. ನಾಳೆ ಹಕ್ಕಿ ಎಣಿಸುತ್ತೇವೆ, ಹೊಗೆಗೆ ಹೆದರಿ ಹಾರಿಹೋಗುತ್ತವೆ, ಒಂದು ದಿನ ಒಲೆ ಹಚ್ಚಬೇಡಮ್ಮ ಎಂದಿದ್ದ. ‘ಅಮ್ಮ’ ಎಂದಿದ್ದ. ಅವಳು ಹಚ್ಚಲಿಲ್ಲ. ಗಂಡನ ಸೊಂಟಕ್ಕೆ ಬೆಳಗಾದರೆ ಬಿಸಿನೀರಿನ ಕಾವು ಬೇಕು. ಅಂದು ಕಾವಿಲ್ಲದೆ ಅವನು ಬಟ್ಟೆ ಕಚ್ಚಿಕೊಂಡು ಮಲಗಿದ್ದ. ತಲೆಯ ಮೇಲೆ ಏನೋ ಗುಯ್‌ಗುಡುತ್ತ ಹಾರಾಡಿತ್ತು. ಹಕ್ಕಿ ಎಣಿಸುವ ಯಂತ್ರವೆಂದು ಇಬ್ಬರೂ ನಂಬಿದ್ದರು.

"ಒಳಗೆ ಯಾರು ಬಿಟ್ಟದ್ದು ಇವಳನ್ನ?"

ಹಸಿರು ಸಾರ್ ಬಾಗಿಲಲ್ಲಿ ನಿಂತಿದ್ದ. ಟೋಪಿ ಹುಡುಗಿ ತಿರುಗಿದಳು. "ಸಾರ್, ಇಲ್ಲಿ ಅಕ್ಕನ ಮನೆ ಇದೆಯಂತೆ."

"ಹಾಳು ಬಿದ್ದ ಗುಡಿಸಲು ಒಂದಿದೆ. ಸಮಿತಿ ನೋಡಿಕೊಳ್ಳುತ್ತೆ. ನೀನು ಅತಿಥಿಗಳ ಹತ್ತಿರ ಹೋಗು." ಅವಳು ಹೋಗುವವರೆಗೆ ಕಾದ. ಆಮೇಲೆ ದನಿ ತಗ್ಗಿಸಿದ. "ಏನಮ್ಮ ಇದು, ಇವತ್ತೇ ಶುರು ಮಾಡ್ತೀಯಾ?"

"ಅದು ನನ್ನ ಮನೆ ಸಾರ್. ಅವರು ಒಳಗೆ ಮಲಗಿದ್ದಾರೆ."

"ಫೋಟೋ ನೋಡು. ಮನೆ ಎಲ್ಲಿದೆ? ಮನೆ ಅಂದ್ರೆ ಹೊಗೆ ಇರಬೇಕಲ್ಲ?"

"ನೀವೇ ಒಲೆ ಹಚ್ಚಬೇಡ ಅಂದ್ರಿ."

ಅವನು ಜಾಕೆಟ್ಟಿನ ಜಿಪ್ಪು ಮೇಲೆಳೆದುಕೊಂಡ. "ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕೇಳು. ನಮ್ಮ ಸಂಸ್ಥೆಯ ಗಾರ್ಡುಗಳು ಹಾರೆ ಹಿಡ್ಕೊಂಡು ಬರ್ತಾರೆ, ನಿನ್ನ ಗಂಡನನ್ನ ಹುಷಾರಾಗಿ ಹೊರಗೆ ಮಲಗಿಸ್ತಾರೆ. ಸಂಜೆ ಕೆಳಗೆ ಹೊತ್ತು ತರ್ತಾರೆ. ನಾಳೆ ಜೀಪು. ಆಸ್ಪತ್ರೆ. ಅವನು ಹೇಗೂ ಇಳೀಲೇಬೇಕಲ್ಲ? ಇಳಿದ ಮೇಲೆ ಅಲ್ಲಿ ಯಾರಿಗೆ ಮನೆ?"

"ಆಮೇಲೆ ನಾವು ಎಲ್ಲಿರೋದು?"

"ಅದನ್ನ ಆಮೇಲೆ ನೋಡೋಣ. ಮುಂದೆ ನಡೆಯೋಕೆ ಆಗಲ್ಲ ಅಂದ್ರೆ ಈಗಲೇ ಹೇಳು, ಬೇರೆಯವರನ್ನ ಹಾಕ್ತೀನಿ. ಜೀಪೂ ಬೇರೆಯವರಿಗೆ ಹೋಗುತ್ತೆ."

ಆಗಲ್ಲ ಎಂದುಬಿಡಲು ಹೊರಟ ಮುಂದಕ್ಕ ತಡೆದಳು. ಹೇಡಿತನದಿಂದಲ್ಲ. ಬೇರೆಯವಳು ಮುಂದೆ ನಡೆದರೆ ಹಾರೆಯವರು ತನಗಿಂತ ಮೊದಲು ತಲುಪುತ್ತಾರೆ. ತಾನು ಮುಂದೆ ನಡೆದರೆ ತಾನೇ ಮೊದಲು.

"ನಡೀತೀನಿ ಸಾರ್," ಎಂದಳು.

ಬುಟ್ಟಿಯಲ್ಲಿ ಸಸಿ, ಸಸಿಯ ಬುಡಕ್ಕೆ ಒದ್ದೆ ಮಣ್ಣಿನ ಚೀಲ. ಇಬ್ಬರು ಎತ್ತಿ ಬೆನ್ನಿಗಿಟ್ಟರು. ಹಣೆಗೆ ಪಟ್ಟಿ ಕಟ್ಟಿಕೊಂಡಳು. ಹಣೆಯಲ್ಲಿ ವರ್ಷಗಳಿಂದ ಪಟ್ಟಿ ಕೂತು ಬಿದ್ದ ತಗ್ಗಿತ್ತು, ಪಟ್ಟಿ ತನ್ನ ಜಾಗ ತಾನೇ ಹುಡುಕಿಕೊಂಡಿತು. ಹೊರೆ ಏರಿದ ಮೇಲೆ ತಲೆ ಎತ್ತಲಾಗದು, ಪಕ್ಕಕ್ಕೆ ತಿರುಗಿಸಲಾಗದು. ಕಾಣುವುದು ಸ್ವಂತ ಕಾಲ್ಬೆರಳು, ಅದರ ಮುಂದಿನ ಕಲ್ಲು, ಅಷ್ಟೇ.

ಹಿಂದೆ ಎಂದಿನಂತೆ ಬಾಯಿಬಡುಕಿ. ಊರಿನವಳು. ಅವಳ ಗಂಡ ಸಮಿತಿಯ ಮೆಂಬರು. ಅವಳ ಹಿಂದೆ ಸಸಿ ಹೊತ್ತ ಹೆಂಗಸರು, ಅವರ ಹಿಂದೆ ಹಾರೆ ಹಿಡಿದ ಇಬ್ಬರು ಗಾರ್ಡುಗಳು, ಅವರ ಹಿಂದೆ ಅತಿಥಿಗಳ ಚೀಲ ಹೊತ್ತವರು. ಆಮೇಲೆ ಹಸಿರು ಸಾರ್, ಟೋಪಿ ಹುಡುಗಿ, ಅತಿಥಿಗಳು. ಕಟ್ಟಕಡೆಗೆ ಊರುಗೋಲೂರುತ್ತ ದೊಡ್ಡ ಮೇಡಂ. ಸಾಲು ಹೊರಟಿತು.

ಅಂಚು ಶುರುವಾದದ್ದೇ ಮೋಡ ಇಳಿಯಿತು.

"ಕಲ್ಲು!" ಎಂದಳು ಮುಂದಕ್ಕ.

"ಕಲ್ಲು!" ಎಂದಳು ಬಾಯಿಬಡುಕಿ. ಕಲ್ಲು, ಕಲ್ಲು ಎಂದು ಕೂಗು ಕೆಳಗಿಳಿಯಿತು. ಬಹಳ ಕೆಳಗೆ ಅತಿಥಿಗಳ ನಗು ಕೇಳಿಸಿತು.

"ಬೇರು!"

"ಬೇರು!"

ಉಸಿರು ಎದೆಯಲ್ಲಿ ಕೀರಲಾಯಿತು. ಮೀನಖಂಡ ಕಲ್ಲಾಯಿತು. ಬುಟ್ಟಿಯಿಂದ ಮಣ್ಣುನೀರು ಬೆನ್ನಹುರಿಗುಂಟ ಇಳಿದು, ಪಕ್ಕೆ ಸುತ್ತಿ ಎದೆಗೆ ಬಂದು ಬನಿಯನ್ನಿನ ಮೋಡವನ್ನೂ ಮರವನ್ನೂ ಒದ್ದೆ ಮಾಡಿತು. ಸೊಂಟದ ಹತ್ತಿರ ಬುಟ್ಟಿಯ ಅಂಚು ಉಜ್ಜಿ ಉಜ್ಜಿ ಚರ್ಮ ಕಿತ್ತಿತು. ಇದೆಲ್ಲ ದಿನದ್ದೇ. ಆದರೆ ಅಂದು ಪ್ರತಿ ಹೆಜ್ಜೆಗೂ ಒಂದು ಯೋಚನೆ ಬಂದು ಹಣೆಪಟ್ಟಿಗೆ ನೇತುಬೀಳುತ್ತಿತ್ತು. ಈ ಸಸಿಗಳನ್ನು ನೆಡುವುದು ತನ್ನ ಒಲೆಯ ಜಾಗದಲ್ಲಿ. ಗಂಡ ಮಲಗಿದ ಜಾಗದಲ್ಲಿ. ತನ್ನ ಮನೆಯ ಸಮಾಧಿಯನ್ನು ತನ್ನ ಬೆನ್ನ ಮೇಲೆಯೇ ಹೊರಿಸಿದ್ದಾರೆ, ಅದಕ್ಕೊಂದು ಬನಿಯನ್ನನ್ನೂ ಹಾಕಿದ್ದಾರೆ.

"ಏನೇ," ಎಂದಳು, ತಿರುಗದೆ. "ನಿನಗೆ ಗೊತ್ತಿತ್ತಾ?"

ಬಾಯಿಬಡುಕಿ ಎಂದು ಹೆಸರಾದವಳು, ನಿದ್ದೆಯಲ್ಲೂ ಪಕ್ಕದವರ ಜೊತೆ ಜಗಳ ತೆಗೆಯುವವಳು, ಸುಮ್ಮನಿದ್ದಳು.

"ಬಾಯಿಗೆ ಏನು ತುರುಕಿಕೊಂಡಿದ್ದೀಯ? ಗೊತ್ತಿತ್ತಾ ಅಂತ ಕೇಳಿದೆ."

"ನನ್ನ ಗಂಡ ಕೈ ಎತ್ತಿದ ಕಣಕ್ಕ," ಎಂದಳು ಬಾಯಿಬಡುಕಿ ಕೊನೆಗೆ. "ಎಲ್ಲರೂ ಎತ್ತಿದ್ರು, ಅವನೂ ಎತ್ತಿದ. ಖಾಲಿ ಜಾಗ ಅಂತ ಸಾರ್ ಹೇಳಿದ್ರಂತೆ. ಇವನು ಒಂದು ಸಲ, ‘ಅಲ್ಲಿ ಮನೆ...’ ಅಂದನಂತೆ. ನಿನ್ನ ಮಗಳಿಗೆ ನರ್ಸರಿಯಲ್ಲಿ ಕೆಲಸ ಬೇಡ್ವಾ ಅಂದ್ರಂತೆ. ಕೂತುಬಿಟ್ಟ."

"ನೀನು ನನಗೆ ಒಂದು ಮಾತು ಹೇಳಲಿಲ್ಲ."

"ಹೇಳಿದ್ರೆ ಏನು ಮಾಡ್ತಿದ್ದೆ?"

ಮುಂದಕ್ಕ "ಜಾರು!" ಎಂದು ಕೂಗಿದಳು.

"ಜಾರು!" ಎಂದಳು ಬಾಯಿಬಡುಕಿ. ದನಿ ಒಡೆದಿತ್ತು.

ಅಂಚು ಮುಗಿದು ಬಯಲು ತೆರೆಯುವ ತಿರುವು ಬಂತು. ಅಲ್ಲಿಂದ ನಾಲ್ಕು ಹೆಜ್ಜೆಗೆ ಅವಳ ಅಂಗಳ. ಮೋಡ ಒಮ್ಮೆ ಸರಿಯಿತು. ಮುಂದಕ್ಕ ಪಟ್ಟಿಯ ಕೆಳಗಿನಿಂದ ಕಣ್ಣು ಮಾತ್ರ ಎತ್ತಿ ನೋಡಿದಳು. ಬೆಳಿಗ್ಗೆ ಮನೆ ಬಿಟ್ಟಾಗ ಇಲ್ಲದ ಗೂಟಗಳು ಈಗ ಇದ್ದವು. ಬೇರೆ ಗಾರ್ಡುಗಳು ಅವಳು ಇಳಿದ ಮೇಲೆ ಬಂದು ಹೊಡೆದು ಹೋಗಿದ್ದರು. ಗೂಟದ ತಲೆಗೆ ಕೆಂಪು ರಿಬ್ಬನ್. ಒಂದು ಗೂಟ ಸೊಪ್ಪಿನ ಮಡಿಯ ನಡುವೆ. ಒಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಇನ್ನೊಂದು ಬಾಗಿಲ ಮುಂದೆ, ಸರಿಯಾಗಿ ಅವಳು ದಿನಾ ಕಾಲೊರೆಸಿಕೊಳ್ಳುವ ಕಡೆ. ಅಲ್ಲಿ ಗುಂಡಿಯನ್ನೂ ತೋಡಿಟ್ಟಿದ್ದರು. ಹಸೀ ಮಣ್ಣು ಬಾಗಿಲಿಗೆ ಸಿಡಿದಿತ್ತು.

ಒಳಗಿಂದ ಗಂಡ ಕೆಮ್ಮಿದ.

"ನಿಲ್ಲು!" ಎಂದಳು ಮುಂದಕ್ಕ.

ಅವಳೇ ಕೂಗಿದಳೋ, ಕಾಲು ಮೊದಲು ನಿಂತಿತೋ. "ನಿಲ್ಲು!" ಎಂದಳು ಬಾಯಿಬಡುಕಿ. ನಿಲ್ಲು, ನಿಲ್ಲು, ನಿಲ್ಲು. ಸಾಲು ನಿಂತಿತು. ಬಂಡೆಯ ಪಕ್ಕೆಗೆ ಅಂಟಿಕೊಂಡು, ಹೊರೆಯ ಕೆಳಗೆ ಬಾಗಿ, ಅಷ್ಟೂ ಜನ ನಿಂತರು. ಕೆಳಗೆ ಒಬ್ಬ ಅತಿಥಿ ಚಪ್ಪಾಳೆ ತಟ್ಟಿದ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪ್ರಶ್ನೆ ಹತ್ತಿ ಬಂತು. "ಯಾಕೆ ನಿಂತಿರಿ?"

ಮುಂದಕ್ಕ ಬಾಗಿಲಿಗೆ ಸಿಡಿದ ಮಣ್ಣನ್ನೇ ನೋಡುತ್ತಿದ್ದಳು.

ಇನ್ನೊಂದು ಬಂತು. "ಮುಂದೆ ನಡೀರಿ."

ಮುಂದಕ್ಕ ನಡೆಯಲಿಲ್ಲ. ಹೊರೆಯ ಕೆಳಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ನಡೆಯುವಾಗ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ನಿಂತರೆ ಎಲ್ಲ ಮಂಡಿಗೇ ಇಳಿಯುತ್ತದೆ. ಸಾಲಿನುದ್ದಕ್ಕೂ ಬುಟ್ಟಿಗಳು ಕಿರುಗುಟ್ಟುವುದು ಕೇಳುತ್ತಿತ್ತು.

"ಅಕ್ಕ, ಮಂಡಿ ಹೋಗ್ತಿದೆ," ಎಂದಳು ಬಾಯಿಬಡುಕಿ. "ಏನಾದ್ರೂ ಕೂಗು. ನಡಿ ಅಂತಾದ್ರೂ ಕೂಗು, ಬಿಡು ಅಂತಾದ್ರೂ ಕೂಗು."

ಮುಂದಕ್ಕ ಬಾಯಿ ತೆರೆದಳು. ದಾರಿಯಲ್ಲಿ ಕಂಡದ್ದನ್ನು ಹಿಂದಿನವರಿಗೆ ಹೇಳುವುದು ಮುಂದಿನವಳ ಕೆಲಸ. ಇಷ್ಟು ವರ್ಷ ಕಲ್ಲು ಕಂಡರೆ ಕಲ್ಲು ಎಂದಿದ್ದಾಳೆ, ಬೇರು ಕಂಡರೆ ಬೇರು ಎಂದಿದ್ದಾಳೆ.

"ಮನೆ ಇದೆ," ಎಂದಳು.

ಹಿಂದೆ ಯಾರೂ ಕೂಗಲಿಲ್ಲ.

"ಮನೆ ಇದೆ! ಕೂಗೇ!"

"ಅಕ್ಕ, ಬೇಡ."

"ಕೇಳಿದ್ದನ್ನ ದಾಟಿಸು."

"ನನ್ನ ಗಂಡ ಕೈ ಎತ್ತಿದ್ದಾನೆ. ನಾನು ಇಲ್ಲಿ ಕೂಗಿದ್ರೆ ಮಗಳ ಕೆಲಸ ಹೋಗುತ್ತೆ. ನನ್ನ ಕೈಲಿ ಆಗಲ್ಲ."

ಇದೇ ಅವಳ ಬಾಯಿ, ದಿನವಿಡೀ ಬಡಿದುಕೊಳ್ಳುವ ಬಾಯಿ. ಮುಂದಕ್ಕನಿಗೆ ತಿರುಗಿ ಕಪಾಳಕ್ಕೆ ಬಿಡೋಣವೆನಿಸಿತು. ಹಣೆಪಟ್ಟಿ ತಿರುಗಲು ಬಿಡಲಿಲ್ಲ. ಕೆಳಗೆ ಹಸಿರು ಸಾರ್ ಸಾಲು ದಾಟಿ ಬರಲು ನೋಡುತ್ತಿದ್ದನೆಂದು ಕಾಣುತ್ತದೆ. "ಸ್ವಲ್ಪ ಸರೀರಿ, ಸರೀರಿ," ಎನ್ನುವುದು ಕೇಳಿತು. ಎಲ್ಲಿಗೆ ಸರಿಯುವುದು? ಆಮೇಲೆ ಅವನೂ ಕೂಗಿನ ದಾರಿಯನ್ನೇ ಹಿಡಿದ. ಮಾತು ಬಾಯಿಂದ ಬಾಯಿಗೆ ಹತ್ತಿ ಬಂತು. ಮೊದಲು ದೊಡ್ಡದಾಗಿ, ಮೇಲೆ ಬಂದಂತೆ ಸಣ್ಣಗಾಗಿ. ಹೇಳುವ ಹೆಂಗಸರಿಗೇ ನಾಚಿಕೆಯಾಗುತ್ತಿತ್ತು. ಆದರೂ ತಡೆಯುವಂತಿರಲಿಲ್ಲ, ರೂಢಿ ಹಾಗಿತ್ತು. ಕೊನೆಗೆ ಬಾಯಿಬಡುಕಿ ಅದನ್ನು ಪಿಸುಗುಟ್ಟಿದಳು.

"‘ಗಂಡನಿಗೆ ಜೀಪು ಬೇಕೋ ಬೇಡವೋ ಕೇಳಿ.’"

ಮನೆಯ ಬಾಗಿಲು ತೆರೆದೇ ಇತ್ತು. ಅಷ್ಟೂ ಒಳಗೆ ಕೇಳಿಸಿತ್ತು. ಗಂಡ ಕೆಮ್ಮು ತಡೆದು ಕೂಗಿದ. "ಏನೇ ಅದು? ಬೆಳಿಗ್ಗೆ ಗೂಟ ಹೊಡೆದವರು ಮತ್ತೆ ಬಂದ್ರಾ?"

ಮುಂದಕ್ಕನ ಕಣ್ಣು ತುಂಬಿ ಕಾಲ್ಬೆರಳು ಮಸುಕಾಯಿತು. ನಾಳೆಯ ಜೀಪು ಅಲ್ಲೇ ಎದುರಿಗೆ ನಿಂತಂತಿತ್ತು. ಅವನು ಎದ್ದು ಕೂರಬಹುದಿತ್ತು. ಗೋಡೆ ಹಿಡಿದಾದರೂ ನಡೆಯಬಹುದಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು.

"ರೀ," ಎಂದಳು. "ನಮ್ಮ ಮನೆ ಕೆಡವೋಕೆ ಬಂದಿದ್ದಾರೆ. ಬಿಟ್ಟುಕೊಟ್ರೆ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ."

ಒಳಗೆ ಮತ್ತೆ ಕೆಮ್ಮು.

"ಆಸ್ಪತ್ರೆಯಿಂದ ವಾಪಸು ಎಲ್ಲಿಗೆ ಬರೋದಂತೆ?" ಎಂದ ಗಂಡ.

ಅವನು ಕೇಳಿದ್ದು ಅಷ್ಟೇ. ಮುಂದಕ್ಕ ಹಣೆಪಟ್ಟಿಯ ಗಂಟಿಗೆ ಕೈ ಹಾಕಿದಳು.

"ಅಕ್ಕ, ಏನು ಮಾಡ್ತಿದ್ದೀಯ? ಇಳಿಸಬೇಡ! ಇಲ್ಲಿ ಇಳಿಸಬೇಡ!"

ಗಂಟು ಬಿಚ್ಚಿತು. ಬೆನ್ನು ಬಂಡೆಗೆ ಕೊಟ್ಟು ಜಾರಿಸಿದಳು. ಬುಟ್ಟಿ ಅಂಚಿನ ಮೇಲೆ ಅಡ್ಡಡ್ಡ ಕೂತಿತು, ಬಂಡೆಯಿಂದ ಮೋಡದವರೆಗೆ. ಮುಂದಕ್ಕ ಮೊದಲ ಸಲ ಆ ದಾರಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಬನಿಯನ್ನನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಒದ್ದೆಯಾಗಿ ಮೈಗಂಟಿತ್ತು, ಹೊಲಿಗೆ ಪರ್ರನೆ ಹರಿಯಿತು. ಅದನ್ನು ಬುಟ್ಟಿಯ ಮೇಲೆಸೆದು ತಿರುಗಿದಳು. ಬುಟ್ಟಿಯ ಆಚೆ ಬಾಯಿಬಡುಕಿಯ ಬಾಗಿದ ತಲೆ, ಹಣೆಪಟ್ಟಿ, ಮೂಗಿನ ತುದಿಯಿಂದ ತೊಟ್ಟಿಕ್ಕುವ ಬೆವರು.

"ನಿನ್ನ ಮಗಳು ಎಲ್ಲಿ ಹುಟ್ಟಿದ್ದು?" ಎಂದು ಕೇಳಿದಳು.

ಬಾಯಿಬಡುಕಿ ತಲೆ ಎತ್ತಲು ನೋಡಿದಳು. ಎತ್ತಲಾಗಲಿಲ್ಲ.

"ಹೇಳೇ. ತುಂಬಿದ ಹೊಟ್ಟೇಲಿ ಹೊರೆ ಹೊತ್ಕೊಂಡು ಇದೇ ದಾರೀಲಿ ಬಂದೆ. ಇದೇ ತಿರುವಲ್ಲಿ ನೀರು ಒಡೀತು. ನಿನ್ನನ್ನ ಯಾರು ಒಳಗೆ ಎಳ್ಕೊಂಡ್ರು? ಯಾರ ಒಲೆ ಮುಂದೆ ಮಲಗಿದ್ದೆ? ಅವತ್ತು ಹೊಗೆ ವಾಸನೆ ಬರಲಿಲ್ವಾ ನಿನಗೆ? ಇಲ್ಲಿ ಮನೆ ಇಲ್ಲ ಅಂದ್ರೆ ನಿನ್ನ ಮಗಳು ಎಲ್ಲಿ ಹುಟ್ಟಿದಳು? ಮೋಡದಲ್ಲಾ?"

ಬಾಯಿಬಡುಕಿಯ ಭುಜ ಕುಲುಕಿತು.

ಮುಂದಕ್ಕ ಮನೆಯ ಕಡೆಗೆ ಕೂಗಿದಳು. "ರೀ, ಒಲೆ ಹತ್ತಿರ ತೆವಳೋಕೆ ಆಗುತ್ತಾ ನೋಡಿ. ಹಚ್ಚಿ. ಹಸೀ ಸೌದೆ ಹಾಕಿ."

ಒಳಗೆ ಚಾಪೆ ಉಜ್ಜುವ ಸದ್ದಾಯಿತು. ಒಂದು ನರಳಿಕೆ. ಮತ್ತೆ ಚಾಪೆ. ಕಡ್ಡಿ ಗೀರಿದ್ದು, ಗೀರಿದ್ದು, ಊದಿದ್ದು. ಮುಂದಕ್ಕ ಮಾಡಿನ ಕಡೆ ನೋಡಿದಳು. ಮೊದಲು ಪಾಚಿಯ ಸಂದಿನಿಂದ ಹೊಗೆ ಎಳೆಯಾಗಿ ಬಂತು, ಆಮೇಲೆ ಮಾಡಿಗೆ ಮಾಡೇ ಹೊಗೆಯಾಡಿತು. ಮೋಡ ಅದನ್ನು ಮೇಲೆ ಹೋಗಲು ಬಿಡಲಿಲ್ಲ. ಹೊಗೆ ಅಂಗಳಕ್ಕಿಳಿಯಿತು, ಗೂಟಗಳನ್ನು ದಾಟಿತು, ಅಂಚಿಗುಂಟ ಕೆಳಗೆ ಹೊರಟಿತು. ಸಾಲಿನಲ್ಲಿ ಒಬ್ಬೊಬ್ಬರಾಗಿ ಕೆಮ್ಮಿದರು.

ಬಾಯಿಬಡುಕಿ ಮೂಗು ಏರಿಸಿದಳು. ಆಮೇಲೆ ಹಣೆಪಟ್ಟಿ ಬಿಟ್ಟಷ್ಟು ಕತ್ತು ಹಿಂದಕ್ಕೆ ತಿರುಗಿಸಿ, ಇಷ್ಟು ವರ್ಷ ಬಡಿದುಕೊಂಡ ಬಾಯಿಯ ಪೂರ್ತಿ ಬಲ ಹಾಕಿ ಕೂಗಿದಳು.

"ಮನೆ ಇದೆ!"

"ಮನೆ ಇದೆ!" ಎಂದಳು ಅವಳ ಹಿಂದಿನವಳು. ಅವಳು ಜಾರಿಹೋದವಳ ಅಕ್ಕ. ಮನೆ ಇದೆ. ಮನೆ ಇದೆ. ಕೂಗು ತಿರುವಿಳಿಯಿತು. ಹಾರೆಯವರನ್ನು ದಾಟಿತು, ಚೀಲದವರನ್ನು ದಾಟಿತು. ಕೆಳಗೆ ಆದದ್ದು ಮುಂದಕ್ಕನಿಗೆ ಆಮೇಲೆ ಗೊತ್ತಾಯಿತು. ಹಸಿರು ಸಾರ್ ಕೂಗನ್ನು ಕೇಳಿಸಿಕೊಂಡು ಬಾಯಿ ಮುಚ್ಚಿ ನಿಂತನಂತೆ. ಆ ದಾರಿಯಲ್ಲಿ ಕೂಗು ನುಂಗಿದವರು ಬಹಳ ಕಾಲದಿಂದ ಯಾರೂ ಇರಲಿಲ್ಲ. ಅವನ ಮುಂದಿದ್ದ ಚೀಲದ ಹೆಂಗಸು ಕಾದು ನೋಡಿದಳು. ಆಮೇಲೆ ಅವನ ತಲೆಯ ಮೇಲಿಂದಲೇ, ಅವನಿಲ್ಲವೆಂಬಂತೆ, ಇನ್ನೊಮ್ಮೆ ಕೂಗಿದಳು. ಟೋಪಿ ಹುಡುಗಿ ಅದನ್ನು ಹಿಡಿದಳು. ರಿಬ್ಬನ್ ಕಟ್ಟಿದ ತನ್ನ ಕೈಯನ್ನು ನೋಡಿಕೊಂಡಳು. ಅಳುತ್ತಲೇ ಕೂಗಿದಳಂತೆ. ಅತಿಥಿಗಳು ಅರ್ಥವಾಗದೆ, ಹೇಳಿಕೊಟ್ಟಂತೆ, ಒಬ್ಬರ ಹಿಂದೊಬ್ಬರು ಮನೆ ಇದೆ, ಮನೆ ಇದೆ ಎಂದರು. ಅದು ದೊಡ್ಡ ಮೇಡಂವರೆಗೆ ಹೋಯಿತು. ಅವಳ ಹಿಂದೆ ಯಾರೂ ಇರಲಿಲ್ಲ.

ಮೇಲೆ ಮುಂದಕ್ಕನಿಗೆ ಒಲೆಯ ಚಟಚಟ ಮಾತ್ರ ಕೇಳುತ್ತಿತ್ತು. ಅವಳ ಎದೆ ಬುಟ್ಟಿಯಿಲ್ಲದೆಯೂ ಏದುಸಿರು ಬಿಡುತ್ತಿತ್ತು. ಈಗ ಅವರು ಏನು ಮಾಡಿದರೂ ಮಾಡಬಹುದು. ಪೊಲೀಸರನ್ನು ಕರೆಸಬಹುದು. ನಾಳೆ ಇನ್ನಷ್ಟು ಹಾರೆ ತರಬಹುದು. ಜೀಪಂತೂ ಹೋಯಿತು.

ಆಗ ಕೆಳಗಿನಿಂದ ಒಂದು ಪ್ರಶ್ನೆ ಹತ್ತಲು ಶುರುವಾಯಿತು. ಅಪರಿಚಿತ ದನಿಗಳಲ್ಲಿ ಹೊರಟು, ಹೆಂಗಸರ ಬಾಯಿಗೆ ಬಂದು, ಹತ್ತಿರ ಹತ್ತಿರವಾಗುತ್ತ ಬಂತು. ಬಾಯಿಬಡುಕಿ ಬಾಗಿದಲ್ಲಿಂದಲೇ ಹೇಳಿದಳು.

"ಯಾರ ಮನೆ?"

"ನನ್ನದು," ಎಂದಳು ಮುಂದಕ್ಕ.

ಕೇಳಿದ್ದನ್ನು ಹಾಗೆಯೇ ದಾಟಿಸಬೇಕು. ಸೇರಿಸಬಾರದು, ಕಳೆಯಬಾರದು.

"ನನ್ನದು!" ಎಂದಳು ಬಾಯಿಬಡುಕಿ.

"ನನ್ನದು!" ಎಂದಳು ಜಾರಿಹೋದವಳ ಅಕ್ಕ.

"ನನ್ನದು!" ಎಂದಳು ಅವಳ ಹಿಂದಿನವಳು, ಅವಳ ಹಿಂದಿನವಳು. ಊರಿನವರು, ಸಮಿತಿಯವರ ಹೆಂಡಿರು, ಹೊಗೆಯವರ ತಟ್ಟೆ ಮುಟ್ಟದವರು, ಹೊರೆಯ ಕೆಳಗೆ ಬಾಗಿ ಒಬ್ಬೊಬ್ಬರೂ ಹೇಳಿದರು. ಮೋಡದಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ನನ್ನದು, ನನ್ನದು ಎಂದು ಬೆಟ್ಟ ಇಳಿಯುವುದನ್ನು ಮುಂದಕ್ಕ ಕೈ ಬಾಯಿಗಿಟ್ಟುಕೊಂಡು ಕೇಳಿದಳು. ಬಾಯಿಬಡುಕಿ ಹಣೆಪಟ್ಟಿ ಬಿಚ್ಚಿ ಬುಟ್ಟಿ ಇಳಿಸಿದಳು. ಅವಳ ಹಿಂದೆ ಇನ್ನೊಂದು ಬುಟ್ಟಿ ಧಪ್ಪೆಂದಿತು, ಆಮೇಲೆ ಇನ್ನೊಂದು.

ಹೆಂಗಸರ ದನಿಗಳ ನಡುವೆ ಒಂದು ಗಂಡು ದನಿ ಕೇಳಿಸಿತು. ಹಾರೆಯವರಲ್ಲೊಬ್ಬ. ರೂಢಿಯಿಂದಲೋ ಏನೋ, ಅವನೂ ಅದನ್ನೇ ಹೇಳಿದ. ಆಮೇಲೆ ಕಲ್ಲಿನ ಮೇಲೆ ಹಾರೆ ಇಳಿಸಿಟ್ಟ ಸದ್ದಾಯಿತು.